ಹಗ್ಗದ ಮೇಲಿನ ಲಂಗೋಟಿ

"ನೀವು ಕೊಟ್ಟ ಲಂಗೋಟಿ ಅರಿವಿ ನಮ್ಮ ಕೂಸಿನ ಕುಂಡಿ ಸುಲಿದು ಹಾಕೈತ್ರಿ ಬೀಗರ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ನಿ. ಇವತ್ತ ಎಲ್ಲಾ ತಗದು ಹಂಡೆ ಒಲಿಗೆ ಹಾಕ್ತೀನಿ ನೋಡ್ರಿ."

ಕೊಟ್ರಮ್ಮ ಪಡಸಾಲೆಯಲ್ಲಿ ನಿಂತು ಫೋನಿನಲ್ಲಿ ಹೀಗೆ ಅನ್ನುವಾಗ ಸೊಸೆ ವಿಜಯಶ್ರೀ ಒಳಕೋಣೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದಳು. ಮಾತು ಹೋಗುತ್ತಿದ್ದದ್ದು ಎಮ್ಮಿಗನೂರಿಗೆ, ಅವಳ ಅಪ್ಪ ಮರಿಬಸಪ್ಪನ ಕಿವಿಗೆ. ಆ ಕಡೆಯಿಂದ ಅಪ್ಪ ಏನಂದನೋ ಕೇಳಿಸಲಿಲ್ಲ. ಏನಂದಿರುತ್ತಾನೆ, ಮಗಳನ್ನು ಕೊಟ್ಟವನು! "ಹೂಂರಿ, ಆತ್ರಿ" ಅಂದಿರುತ್ತಾನೆ. ವಿಜಯಶ್ರೀಗೆ ಮೈಯೆಲ್ಲ ಧಗ್ ಅಂತ ಉರಿದುಹೋಯಿತು.

ಕೂಸಿನ ಹಿಂಬದಿ ಹಸಿ ಹುಣ್ಣಾಗಿತ್ತು, ಅದು ಸುಳ್ಳಲ್ಲ. ತೊಡೆಸಂದಿಯಲ್ಲಿ ಕೆಂಪಗೆ ಗೆರೆ ಬಿದ್ದು, ಅಲ್ಲಿ ನೀರು ತಾಗಿದರೆ ಸಾಕು ಕಿಟಾರನೆ ಕಿರುಚುತ್ತಿತ್ತು. ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೆ ಒಂದು ಹೊತ್ತು ತಣ್ಣಗಿರುತ್ತಿತ್ತು, ಮತ್ತೆ ಅದೇ ಗೋಳು. ಗಂಡ ಹಾಲೇಶ್ ಮೆಡಿಕಲ್ ಶಾಪಿನಿಂದ ಪ್ಲಾಸ್ಟಿಕ್ ಡಯಾಪರಿನ ದೊಡ್ಡ ಪ್ಯಾಕೆಟ್ಟು ತಂದಿಟ್ಟಿದ್ದ. ಅದನ್ನು ಹಾಕಿದ್ದೇ ತಡ, ಹುಣ್ಣು ಬೆವರಿನಲ್ಲಿ ಬೆಂದು ಇನ್ನೂ ಕೆಂಡವಾಯಿತು. ಅದನ್ನು ಬಿಚ್ಚಿ ಮತ್ತೆ ಲಂಗೋಟಿಯನ್ನೇ ಕಟ್ಟಿದರು. ಆದರೂ ಅತ್ತೆಯ ಬಾಯಲ್ಲಿ ತಪ್ಪು ಪ್ಲಾಸ್ಟಿಕ್ಕಿನದಲ್ಲ. ತಪ್ಪು ಎಮ್ಮಿಗನೂರಿನ ಅರಿವೆಯದು.

ಆ ಅರಿವೆ ಎಂಥದ್ದು ಅಂತ ಈ ಮನೆಯವರಿಗೇನು ಗೊತ್ತು! ಮಗಳ ಮದುವೆಯಾದ ತಿಂಗಳಿಂದಲೇ ಮರಿಬಸಪ್ಪ ತನ್ನ ಮಗ್ಗದಲ್ಲಿ ತಾನೇ ನೇಯ್ದ ಪಂಚೆಗಳನ್ನು ಉಡಲು ಶುರು ಮಾಡಿದ್ದ. ಉಟ್ಟು, ಒಗೆದು, ನೆರಳಲ್ಲಿ ಒಣಗಿಸಿ, ಮತ್ತೆ ಉಟ್ಟು. ಅವರ ಕಡೆ ಅದೊಂದು ಪದ್ಧತಿ. ಮಗಳ ಕೂಸಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ, ಅವ್ವನ ಅಪ್ಪ ಮೈಮೇಲೆ ಉಟ್ಟು ಮೆತ್ತಗೆ ಮಾಡಿದ ಪಂಚೆಯನ್ನೇ ಹರಿದು ಲಂಗೋಟಿ ಮಾಡುತ್ತಾರೆ. ತಾತನ ಆಯುಷ್ಯ ಮೊಮ್ಮಗನಿಗೆ ಹತ್ತಲಿ ಅಂತ. "ಮಾವ, ಪಂಚಿ ಹರಿಯಕ ಬಂತಲ್ಲ, ಇನ್ನೊಂದು ಉಡ್ರಿ" ಅಂತ ಅಳಿಯ ನಕ್ಕಾಗಲೂ ಮರಿಬಸಪ್ಪ, "ಹರೀಲಿ ಅಂತನ ಉಟ್ಟೀನಪಾ, ನಿನ್ನ ಮಗ ಬರೋದು ಬ್ಯಾಡೇನು?" ಅಂದಿದ್ದ. ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿದ್ದ ಆ ಬಟ್ಟೆಯಲ್ಲಿ ಕೂಸು ತವರಿನಲ್ಲಿ ಹುಟ್ಟಿದಂದಿನಿಂದ ಐದು ತಿಂಗಳು ಬೆಳೆಯಿತು. ಒಂದು ಗುಳ್ಳೆ ಎದ್ದಿರಲಿಲ್ಲ. ಬಾಣಂತನ ಮುಗಿಸಿ ಕಳಿಸುವಾಗ ಅಪ್ಪ ಪೆಟ್ಟಿಗೆ ತೋರಿಸಿದ್ದ. "ಇನ್ನೂ ಮೂರು ಪಂಚಿ ಇಟ್ಟೀನವಾ, ಕೂಸು ನಡದಾಡೋತನಕ ಚಿಂತಿ ಇಲ್ಲ."

ಗಂಡನ ಊರು ಆದೋನಿಗೆ ಬಂದು ವಾರ ತುಂಬಿತ್ತೋ ಇಲ್ಲವೋ, ಹುಣ್ಣು ಎದ್ದಿತು.

"ಎಮ್ಮಿಗನೂರಾಗ ಇದನ್ನ ಕಟ್ಟಿದ್ವಿ ಅತ್ತಿ, ಏನೂ ಆಗಿಲ್ಲ" ಅಂತ ವಿಜಯಶ್ರೀ ಹೇಳಿ ನೋಡಿದ್ದಳು.

"ಸಣ್ಣ ಕೂಸಿನ ಉಚ್ಚಿ ಬ್ಯಾರೆ, ಈಗಿನ ಉಚ್ಚಿ ಬ್ಯಾರೆ" ಅಂದಿದ್ದಳು ಕೊಟ್ರಮ್ಮ.

ಮಾವ ಸೋಮಶೇಖರಪ್ಪನದು ಹತ್ತಿ ಮಾರ್ಕೆಟ್ಟಿನಲ್ಲಿ ಹಳೆಯ ಅಂಗಡಿ. ಮನೆಯ ಹಿಂದೆ ಗೋಡೌನು, ಗೋಡೌನಿನ ತುಂಬ ಹತ್ತಿ, ಗಾಳಿ ಬೀಸಿದರೆ ಅಡುಗೆಮನೆ ಸಾರಿನಲ್ಲೂ ಹತ್ತಿಯ ಎಳೆ. ಹತ್ತಿಯಿಂದಲೇ ಮೂರು ಅಂತಸ್ತು ಎಬ್ಬಿಸಿದ ಮನೆಯಲ್ಲಿ ಒಂದು ಕೂಸಿನ ಕುಂಡಿಗೆ ಮೊಳ ಹತ್ತಿ ಬಟ್ಟೆ ಆಗಿಬರುವುದಿಲ್ಲವಂತೆ! ಇದನ್ನು ಯಾರಿಗಾದರೂ ಹೇಳಿದರೆ ನಂಬುತ್ತಾರಾ? ವಿಜಯಶ್ರೀ ಹಲ್ಲು ಕಚ್ಚಿಕೊಂಡು ಕೂಸನ್ನು ತೊಟ್ಟಿಲಿಗೆ ಹಾಕಿದಳು.

ಹಾಲೇಶ್ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಫೋನಿನ ಮಾತು ಕೇಳಿಸಿತ್ತು.

"ಕೇಳಿಸ್ತಾ ನಿಮ್ಮವ್ವ ಅಂದಿದ್ದು?"

"ಸುಮ್ನಿರು ವಿಜಯಾ. ಅವ್ವಂದು ಬಾಯಷ್ಟೇ. ಮನಸಿನಾಗ ಏನೂ ಇರಂಗಿಲ್ಲ."

"ನಮ್ಮಪ್ಪಗ ಕೇಳಿಸಿದ್ದೂ ಬಾಯೇ ಅಲ್ಲೇನ್ರಿ? ಮನಸು ಫೋನಿನಾಗ ಹೋಗ್ತೈತೇನು?"

ಅವನು ತಲೆ ಕೆರೆದುಕೊಂಡ. ಅವನಿಂದ ಆಗುವುದು ಅಷ್ಟೇ. ವಿಜಯಶ್ರೀ ಅವನನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದಳು. ಅತ್ತೆ ಒಲೆಗೆ ಹಾಕುವುದರೊಳಗೆ ಹಗ್ಗದ ಮೇಲಿನ ಲಂಗೋಟಿಗಳನ್ನು ಎತ್ತಿಕೊಂಡು ಬರಬೇಕು, ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ಆದೋನಿಗೆ ಬಂದಮೇಲೆ ಅವಳು ಮಹಡಿಗೆ ಹೋದದ್ದೇ ಇಲ್ಲ. "ಹಸಿ ಮೈಯಾಕಿ, ಬಿಸಿಲಿಗೆ ಹೋಗಬ್ಯಾಡ" ಅಂತ ಕೊಟ್ರಮ್ಮ ತಡೆದಿದ್ದಳು. ಕೂಸಿನ ಬಟ್ಟೆಯನ್ನು ಕೆಲಸದವಳ ಕೈಗೂ ಕೊಡದೆ ತಾನೇ ಒಗೆಯುತ್ತಿದ್ದಳು. ಒಣಗಿ ಬಂದ ಲಂಗೋಟಿ ಗಡಸಾಗಿರುತ್ತಿತ್ತು. ವಿಜಯಶ್ರೀ ಒಮ್ಮೆ ಕೇಳಿಯೂ ಕೇಳಿದ್ದಳು. "ಬೋರ್ ನೀರವಾ, ತೊಳದದ್ದೆಲ್ಲ ಕಟಗಿ ಆಗ್ತೈತಿ" ಅಂತ ಅತ್ತೆ ಅಂದಮೇಲೆ ಹೌದಿರಬೇಕು ಅಂದುಕೊಂಡಿದ್ದಳು. ಆ ಊರಿನ ಬೋರಿನ ನೀರು ಬಾಯಿಗಿಟ್ಟರೆ ಉಪ್ಪೇ ಇತ್ತು.

ಮಹಡಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಹಗ್ಗದ ತುಂಬ ಮಾವನ ಬಿಳಿ ಪಂಚೆಗಳು. ಮಾರ್ಕೆಟ್ಟಿನಲ್ಲಿ ಆ ಪಂಚೆಗೆ ಹೆಸರಿತ್ತು, ಅದರ ನೆರಿಗೆ ಸಂಜೆಯವರೆಗೂ ಮುರಿಯುವುದಿಲ್ಲ ಅಂತ. ಅದರ ಪಕ್ಕದ ಹಗ್ಗದಲ್ಲಿ ಕೂಸಿನ ಲಂಗೋಟಿಗಳು. ಗಾಳಿ ಬೀಸುತ್ತಿತ್ತು. ಪಕ್ಕದ ಮನೆಯವರ ಸೀರೆ ಗಾಳಿಗೆ ಹಾರಾಡುತ್ತಿತ್ತು. ಈ ಲಂಗೋಟಿಗಳು ಮಾತ್ರ ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ.

ವಿಜಯಶ್ರೀ ಒಂದನ್ನು ಎಳೆದುಕೊಂಡು ಬೆರಳಲ್ಲಿ ಮಡಿಸಿದಳು. ಚರ್ ಅಂದಿತು. ಮೂಗಿಗೆ ಹಿಡಿದಳು, ಅತ್ತರಿನ ವಾಸನೆ. ಅದರಡಿಗೆ ಇನ್ನೊಂದು ವಾಸನೆ. ಅಂಚನ್ನು ನಾಲಿಗೆಗೆ ತಾಗಿಸಿದಳು.

ಗಂಜಿ!

ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವಳು ಅವಳು. ಅಪ್ಪ ಬೀದಿಯುದ್ದಕ್ಕೂ ಮಗ್ಗದ ಉದ್ದೆಳೆಗಳ ಹಾಸು ಹೂಡಿ ನೂಲಿಗೆ ಗಂಜಿ ಹಚ್ಚುವಾಗ ಅವಳೇ ಪಾತ್ರೆ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದಳು. ಗಂಜಿ ಕುಡಿದ ನೂಲು ಕೈ ಕೊಯ್ಯುತ್ತದೆ ಅಂತ ಅವಳ ಬೆರಳಿಗೆ ಗೊತ್ತಿತ್ತು. ಅಂಥವಳು, ಗಂಜಿಗೆ ಒಂದಿಷ್ಟು ಬಟ್ಟೆ ನೀಲಿ, ಎರಡು ಹನಿ ಅತ್ತರು ಬೆರೆಸಿ ಬೋರಿನ ನೀರು ಅಂದರೆ ನಂಬಿಬಿಟ್ಟಳಲ್ಲ! ತನ್ನ ಕೈಯಾರೆ ಹಗಲೂ ರಾತ್ರಿ ಆ ಗರಗಸವನ್ನು ಕೂಸಿಗೆ ಕಟ್ಟಿದ್ದಳು. ಕೂಸು ಉಚ್ಚೆ ಹೊಯ್ದರೆ ಬಟ್ಟೆ ಹೀರಬೇಕೋ ಬೇಡವೋ? ಹೀರದೆ ಅಂಟು ಬಿಟ್ಟುಕೊಂಡು ಆ ಎಳೆ ಚರ್ಮವನ್ನು ಕಿತ್ತು ತಿಂದಿತ್ತು. ಅವಳಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. ಹಗ್ಗದಲ್ಲಿದ್ದದ್ದನ್ನೆಲ್ಲ ಬಾಚಿಕೊಂಡು ದಡದಡ ಇಳಿದಳು.

ಪಡಸಾಲೆಯಲ್ಲಿ ಸೋಮಶೇಖರಪ್ಪ ಮಾರ್ಕೆಟ್ಟಿಗೆ ಹೊರಡುವ ಮುಂಚಿನ ರೊಟ್ಟಿ ತಿನ್ನುತ್ತಿದ್ದ. ಕೊಟ್ರಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದಳು.

"ಇವಕ್ಕ ಗಂಜಿ ಹಾಕಿದವರು ಯಾರು?"

ಸೊಸೆಯ ದನಿಗೆ ಸೋಮಶೇಖರಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕೊಟ್ರಮ್ಮ ಮಾತ್ರ ಅಳುಕಲಿಲ್ಲ.

"ಯಾರು ಹಾಕ್ತಾರ? ನಾನ ಹಾಕೀನಿ. ಈ ಮನಿ ಹಗ್ಗದ ಮ್ಯಾಲೆ ಗಂಜಿ ಇಲ್ಲದ ಬಿಳಿ ಅರಿವಿ ಇವತ್ತಿನತನಕ ಬಿದ್ದಿಲ್ಲ. ರಸ್ತೇಲಿ ಹೋಗೋರೆಲ್ಲ ತಲಿ ಎತ್ತಿ ನೋಡ್ತಾರ. ಸೋಮಶೇಖರಪ್ಪನ ಮೊಮ್ಮಗನ ಅರಿವಿ ಚಿಂದಿ ಜೋತಾಡಿದಂಗ ಜೋತಾಡಬೇಕೇನು? ನಿಮ್ಮ ಮಾವನ ಪಂಚಿಗೆ ಕಾಯಿಸಿದ ಗಂಜ್ಯಾಗನ ಅದ್ದಿ ತಗದೀನಿ. ನೇಕಾರರ ಮಗಳು, ಬ್ಯಾಡ ಅಂತೀದಿ ಅಂತ ಬೋರ್ ನೀರು ಅಂದಿದ್ನಿ. ಕೂಸಿಗೇನು ಕಡಿಮಿ ಮಾಡಿಲ್ಲ."

ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು. ಅದೇ ವಿಜಯಶ್ರೀಯ ನೆತ್ತಿಗೆ ಬೆಂಕಿಯಿಟ್ಟಿತು. ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಇದು ಪ್ರೀತಿಯಂತೆ!

ಅವಳು ಉಳಿದದ್ದನ್ನೆಲ್ಲ ನೆಲಕ್ಕೆ ಚೆಲ್ಲಿ, ಒಂದು ಲಂಗೋಟಿಯನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಮಡಿಲಲ್ಲಿ ಇಟ್ಟಳು. ಮಾವನ ತಟ್ಟೆಯ ಪಕ್ಕದಲ್ಲಿದ್ದ ನೀರಿನ ಲೋಟ ಎತ್ತಿ ಅದರ ಮೇಲೆ ಸುರಿದಳು.

"ಏ ಏ, ಏನ್ ಹುಚ್ಚು ಹಿಡದೈತೇನು ನಿನಗ!"

ನೀರು ಬಟ್ಟೆಯ ಮೇಲೆ ಜಾರಿ ಸೀರೆ ತೊಯ್ಯಿಸಿ ನೆಲಕ್ಕೆ ಹರಿಯಿತು. ಲಂಗೋಟಿಯ ಮೇಲೆ ಬಿಳಿ ಲೋಳೆ ಎದ್ದಿತು. ವಿಜಯಶ್ರೀ ಆ ಲೋಳೆಯನ್ನು ಬೆರಳಲ್ಲಿ ತೆಗೆದು ತೋರಿಸಿದಳು.

"ನೋಡ್ರಿ. ಸರಿಯಾಗಿ ನೋಡ್ರಿ. ಇದನ್ನ ಕೆನ್ನಿಗೆ ಹಾಕಿ ಒಂದಿನ ತಿಕ್ಕಿಕೊಳ್ರಿ, ಚರ್ಮ ಉಳೀತೈತೇನು ನೋಡೂಣ. ನನ್ನ ಕೂಸು ಇದರ ಮ್ಯಾಲೆ ಹೊರಳಾಡೈತಿ. ನಮ್ಮಪ್ಪನ ಅರಿವಿ ಸುಲಿದಿಲ್ಲ, ನಿಮ್ಮ ಗಂಜಿ ಸುಲಿದೈತಿ!"

ಕೊಟ್ರಮ್ಮ ಒದ್ದೆ ಮಡಿಲನ್ನು ನೋಡಿಕೊಂಡಳು. ಲಂಗೋಟಿಯ ಮೇಲೆ ಬೆರಳಾಡಿಸಿದಳು. ಬೆರಳು ಅಂಟಿಕೊಂಡಿತು. ಅವಳ ಮುಖ ಇಳಿದುಹೋಯಿತು.

"ನನಗೇನು ಗೊತ್ತವಾ... ನಾಳಿಂದ ಹಾಕಂಗಿಲ್ಲ, ಆತಲ್ಲ?"

"ಆಗಲಿಲ್ಲ. ನಮ್ಮಪ್ಪಗ ಫೋನ್ ಹಚ್ಚಿ ಹೇಳ್ರಿ, ತಪ್ಪು ಯಾರದು ಅಂತ."

"ಬೀಗರಿಗೆ? ನಾನಾ?" ಕೊಟ್ರಮ್ಮನ ತಲೆ ಮತ್ತೆ ಎದ್ದಿತು. "ಕೂಸಿನ ಮುಂದ ಬೇಕಾದ್ರ ಕೈ ಮುಗೀತೀನಿ. ಬೀಗರ ಮುಂದ ತಲಿ ತಗ್ಗಸಂಗಿಲ್ಲ. ಗಂಡಿನ ಕಡಿಯೋರು ನಾವು."

"ಬಿಡು ವಿಜಯಾ, ಯಾಕ ಸುಮ್ನ ಫಜೀತಿ..." ಅಂದ ಹಾಲೇಶ್.

"ನೀವು ಬಾಯಿ ಮುಚ್ರಿ!" ಗಂಡನಿಗೆ ಹೀಗೆ ಅಂದದ್ದು ಅವಳು ಅದೇ ಮೊದಲು. "ಇಲ್ಲಾಂದ್ರ ನಾನು ಈಗಿಂದೀಗ ಕೂಸು ಎತ್ಕೊಂಡು ಎಮ್ಮಿಗನೂರು ಬಸ್ಸಿಗೆ ಕೂಡ್ತೀನಿ. ಬಸ್ಸಿನಾಗ ಕೂಸು ಅಳ್ತೈತಿ. ಯಾಕ ಅಳ್ತೈತಿ ಅಂತ ನಾಲ್ಕು ಮಂದಿ ಕೇಳ್ತಾರ. ನಾನು ಈ ಲಂಗೋಟಿ ತಗದು ತೋರಿಸ್ತೀನಿ. ಹತ್ತಿ ಸೋಮಶೇಖರಪ್ಪನ ಮನಿ ಗಂಜಿ ಅಂತ ಹೇಳ್ತೀನಿ."

ಸೋಮಶೇಖರಪ್ಪ ತಟ್ಟೆ ಸರಿಸಿ ಟವೆಲಿಗೆ ಕೈ ಒರೆಸಿಕೊಂಡ. ಟೀಪಾಯಿಯ ಮೇಲಿದ್ದ ಫೋನು ಎತ್ತಿ ಹೆಂಡತಿಯ ಮುಂದೆ ಹಿಡಿದ. "ಹಚ್ಚು" ಅಂದ.

ಕೊಟ್ರಮ್ಮ ನಂಬರು ಒತ್ತಿದಳು. ವಿಜಯಶ್ರೀ ಕೈ ಚಾಚಿ ಸ್ಪೀಕರ್ ಹಾಕಿದಳು. ಅತ್ತೆ ಗಂಟಲು ಸರಿ ಮಾಡಿಕೊಂಡು "ಬೀಗರ..." ಅನ್ನುವಷ್ಟರಲ್ಲಿ ಆ ಕಡೆಯಿಂದ ಮರಿಬಸಪ್ಪನೇ ಮಾತಾಡಿದ.

"ನಾನ ಫೋನ್ ಮಾಡೂಣಂತಿದ್ನಿ ಅಕ್ಕಾರ. ತಪ್ಪಾತ್ರಿ ನಂದು. ಇನ್ನ ಚಿಂತಿ ಮಾಡಬ್ಯಾಡ್ರಿ, ನಮ್ಮ ಕಡಿಂದ ಒಂದೆಳಿ ಅರಿವಿ ಬರಂಗಿಲ್ಲ. ಪೆಟಿಗ್ಯಾಗ ಮೂರು ಪಂಚಿ ಇಟ್ಟಿದ್ನಿ. ನೀವು ಅಂದಿದ್ದು ಕೇಳಿ, ಮೂರನ್ನೂ ಈಗ ಒಲಿಗೆ ಹಾಕಿ ಬಂದೀನ್ರಿ. ಅಷ್ಟು ವರ್ಷ ಮೈಮ್ಯಾಲೆ ಇದ್ದ ಅರಿವಿ ನೋಡ್ರಿ, ನನ್ನ ಬೆವರಿನಾಗ ಏನ್ ದೋಷ ಇತ್ತೋ ಏನೋ, ಕೂಸಿಗೆ ಆಗಿಬರಲಿಲ್ಲ. ಕೂಸು ಹ್ಯಾಂಗೈತ್ರಿ? ಅಳೋದು ನಿಂತೈತೇನ್ರಿ?"

ವಿಜಯಶ್ರೀ ಅತ್ತೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ಹೇಳ್ರಿ" ಅಂದಳು.

"ಗಂಜಿ ಹಾಕಿದ್ನಿ ಬೀಗರ" ಅಂದಳು ಕೊಟ್ರಮ್ಮ.

"ಯಾತಕ್ಕರಿ?"

"ಲಂಗೋಟಿಗೆ. ನಿಮ್ಮ ಅರಿವಿದೇನೂ ತಪ್ಪಿಲ್ಲ. ನಾನ ಹಾಕೀನಿ, ನನ್ನ ಕೈಯಾರೆ."

ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮರಿಬಸಪ್ಪ, "ಸುಟ್ಟುಬಿಟ್ಟೆನಲ್ರೀ ಅಕ್ಕಾರ" ಅಂದ. ಫೋನು ಇಟ್ಟ.

ಕೊಟ್ರಮ್ಮ ಸತ್ತ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಳು. ವಿಜಯಶ್ರೀ ಯಾರಿಗೂ ಸಮಾಧಾನ ಹೇಳಲಿಲ್ಲ. ನೆಲದಲ್ಲಿ ಚೆಲ್ಲಿದ್ದ ಲಂಗೋಟಿಗಳನ್ನು ಒಂದೊಂದೇ ಆರಿಸಿಕೊಂಡಳು. ಅಪ್ಪನ ಪಂಚೆಯದು ಇನ್ನು ಲೋಕದಲ್ಲಿ ಉಳಿದದ್ದು ಇಷ್ಟೇ. ಬಚ್ಚಲಿಗೆ ಹೋಗಿ, ಕುಡಿಯಲು ಹಿಡಿದಿಟ್ಟ ನಲ್ಲಿಯ ಸಿಹಿನೀರನ್ನೇ ಬಕೆಟ್ಟಿಗೆ ಸುರಿದು, ಬಟ್ಟೆ ಮುಳುಗಿಸಿ ತಿಕ್ಕತೊಡಗಿದಳು. ಕುಡಿಯುವ ನೀರನ್ನು ಯಾಕೆ ಹಾಳು ಮಾಡುತ್ತೀ ಅಂತ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಆಗಲಿಲ್ಲ. ನೀರು ಬೆಳ್ಳಗಾಯಿತು. ಚೆಲ್ಲಿ ಮತ್ತೆ ತುಂಬಿದಳು.

ಸ್ವಲ್ಪ ಹೊತ್ತಿಗೆ ಕೊಟ್ರಮ್ಮ ಬಂದಳು. ಒದ್ದೆ ಸೀರೆಯಲ್ಲೇ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಳೆ ಹಿಂದಕ್ಕೆ ಸರಿಸಿ, ನೀರಿಗೆ ಕೈ ಹಾಕಿದಳು.

"ಎಷ್ಟು ಸಲ ಜಾಲಾಡಿಸಬೇಕವಾ?"

"ಹೋಗೋತನಕ" ಅಂದಳು ವಿಜಯಶ್ರೀ.

ಅತ್ತೆಯ ಕೈಯನ್ನು ಅವಳು ತಳ್ಳಲಿಲ್ಲ. ಸರಿದು ಜಾಗವನ್ನೂ ಕೊಡಲಿಲ್ಲ.