ಪ್ಲೇಟಿನ ಮೇಲಿನ ಹೆಸರು

"ಕಾರಿನ ನಂಬರ್ ಪ್ಲೇಟ್ ಮೇಲೆ ಏನ್ ಹೆಸರು ಹಾಕ್ಲಿ ಅಣ್ಣಾ?"

ಅಂಗಡಿಯ ಹುಡುಗಿ ಹೀಗೆ ಕೇಳಿದ್ದೇ ಸ್ತ್ರಾತಿಸ್ ತಬ್ಬಿಬ್ಬಾದ. ಕಾರು ಆರಿಸಿದ್ದಾಗಿತ್ತು. ಮಗು ತಾನೇ ಕೂತು ಓಡಿಸುವ ಬ್ಯಾಟರಿ ಕಾರು, ಕೆಂಪು ಬಣ್ಣದ್ದು, ಹಾರ್ನು ಬೇರೆ. ಈ ಹೆಸರಿನ ವಿಷಯ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ಯಾಕಣ್ಣಾ, ಮಗೂಗೆ ಇನ್ನೂ ಹೆಸರೇ ಇಟ್ಟಿಲ್ವಾ?" ಹುಡುಗಿ ನಕ್ಕಳು.

ಇಟ್ಟಿದ್ದೇ ಎಡವಟ್ಟಾಗಿತ್ತು. ಮೂರು ವರ್ಷದ ಹಿಂದೆ ಗೆಳೆಯ ಇಗ್ನಾತಿಸನ ಮಗನ ದೀಕ್ಷಾಸ್ನಾನಕ್ಕೆ ಸ್ತ್ರಾತಿಸನೇ ಧರ್ಮತಂದೆ. ಪಾದ್ರಿ ಕೇಳಿದಾಗ ಹೆಸರು ಹೇಳಬೇಕಾದವನು ಅವನೇ. ಮಗುವಿಗೆ ಅಜ್ಜ ಪ್ರೊಕೋಪಿಸನ ಹೆಸರೆಂದು ಎಲ್ಲರೂ ಒಪ್ಪಿದ್ದರು; ಅಜ್ಜ ಹೊಸ ಕೋಟು ತೊಟ್ಟು ಮುಂದೆಯೇ ನಿಂತಿದ್ದ. ಆದರೆ ಸ್ತ್ರಾತಿಸನ ತಮ್ಮ ತಕ್ಸಿಯಾರ್ಕಿಸ್ ಸಮುದ್ರದ ಪಾಲಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹಗಲಿರುಳು ಎದೆಯಲ್ಲಿದ್ದ ಆ ಹೆಸರೇ ಬಾಯಿಗೆ ಬಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾದ್ರಿ ಆ ಹೆಸರಿನಲ್ಲೇ ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತಿದರು. ಅಜ್ಜ ಬೆನ್ನು ತಿರುಗಿಸಿ ಹೊರನಡೆದ.

ಅಂದಿನಿಂದ ಆ ಮನೆಯ ಗೇಟು ಸ್ತ್ರಾತಿಸನಿಗೆ ತೆರೆಯಲಿಲ್ಲ. ಈಸ್ಟರಿಗೆ ಧರ್ಮತಂದೆ ಮಗುವಿಗೆ ಮೇಣದ ಬತ್ತಿಯನ್ನೂ ಆಟಿಕೆಯನ್ನೂ ಕೊಡಲೇಬೇಕು. ಅವನು ಕಳಿಸಿದ್ದೆಲ್ಲ ಹಾಗೇ ವಾಪಸು ಬಂತು. ಇದೂ ವಾಪಸು ಬಂದರೆ ಮಗು ಧರ್ಮತಂದೆಯ ಮುಖವನ್ನೇ ಅರಿಯದೆ ಬೆಳೆಯುತ್ತದೆಂದು ಅವನಿಗೆ ಗೊತ್ತಿತ್ತು.

"ಪ್ರೊಕೋಪಿಸ್ ಅಂತ ಹಾಕಮ್ಮ" ಎಂದ. ತಮ್ಮನನ್ನು ಇನ್ನೊಮ್ಮೆ ಕಳೆದುಕೊಂಡಷ್ಟು ಸಂಕಟವಾಯಿತು.

ಈಸ್ಟರಿನ ಹಿಂದಿನ ದಿನ ಸೀಟಿಗೆ ಬತ್ತಿ ಕಟ್ಟಿದ ಕಾರನ್ನು ಹೊತ್ತು ತಂದು ಗೇಟಿನ ಮುಂದೆ ಇಳಿಸಿದ. ಅಂಗಳದಲ್ಲಿ ಅಜ್ಜ ಹಬ್ಬದ ಕುರಿಗೆಂದು ಚಾಕು ಮಸೆಯುತ್ತಿದ್ದ. ಇಗ್ನಾತಿಸ್ ಓಡಿ ಬಂದು ಗೇಟು ತೆರೆದು ಪಿಸುಗುಟ್ಟಿದ: "ಬುದ್ಧಿ ಇದ್ಯೇನೋ ನಿಂಗೆ? ಅಪ್ಪನ ಕೈಲಿ ಚಾಕು ಇರೋವಾಗ್ಲೇ ಬರ್ಬೇಕಿತ್ತಾ?"

ಅಷ್ಟರಲ್ಲಿ ಮಗು ತಂದೆಯ ಕಾಲಡಿ ನುಸುಳಿ ಬಂದು ಕಾರು ಹತ್ತಿಬಿಟ್ಟಿತು. ಪೆಡಲು ಒತ್ತಿದ್ದೇ ತಡ, ಕಾರು ಗೇಟು ದಾಟಿ ನೆಟ್ಟಗೆ ಅಜ್ಜನ ಮೊಣಕಾಲಿಗೆ ಹೋಗಿ ಗುದ್ದಿತು. ಮಸೆಯುವ ಸದ್ದು ನಿಂತಿತು. ಅಜ್ಜ ಚಾಕು ಹಿಡಿದೇ ಬಗ್ಗಿ ಪ್ಲೇಟು ಓದಿದ.

"ಇದು ಯಾರ ಹೆಸರೋ?"

"ಮಗೂದು, ದೊಡ್ಡಪ್ಪ. ನಿಮ್ಮದೇ ಹೆಸರು." ಸ್ತ್ರಾತಿಸ್ ಉತ್ತರಿಸಿದ.

ಅಜ್ಜನ ಮುಖ ಕೆಂಪಾಯಿತು. "ಮರಿ, ನಿನ್ನ ಹೆಸರೇನು ಅಂತ ಈ ಮಾಮಂಗೆ ಹೇಳು."

"ತಕ್ಸಿಯಾರ್ಕಿಸ್!" ಎಂದು ಮಗು ಹಾರ್ನು ಹೊಡೆಯಿತು.

ಸ್ತ್ರಾತಿಸ್ ಬಾಯಿಬಿಟ್ಟುಕೊಂಡು ನೋಡಿದ. ಇಗ್ನಾತಿಸ್ ಅವನ ಕಿವಿಯಲ್ಲಿ ಹೇಳಿದ: "ಈ ಚಳಿಗಾಲದಲ್ಲಿ ಇವನಿಗೆ ಜ್ವರ ನೆತ್ತಿಗೇರಿ ಕೈಬಿಟ್ಟೇ ಹೋಗ್ತಾನೆ ಅನ್ನೋ ಹಾಗಾಗಿತ್ತು ಕಣೋ. ಅಪ್ಪ ದೇವದೂತ ತಕ್ಸಿಯಾರ್ಕಿಸನ ಪಟದ ಮುಂದೆ ಮಂಡಿಯೂರಿ, ನಿನ್ನ ಹೆಸರಿನವನು ಇವನು, ಉಳಿಸಿಕೊಡು ಅಂತ ಗೋಳಾಡಿದ್ರು. ಆಮೇಲಿಂದ ಮನೇಲಿ ಬೇರೆ ಹೆಸರು ಎತ್ತೋ ಹಾಗಿಲ್ಲ."

"ನಂಗ್ಯಾಕೋ ಹೇಳ್ಲಿಲ್ಲ?"

"ಅವರ ಹಟ ನಿಂಗೊತ್ತಿಲ್ವಾ? ನಾನು ಬಾಯಿ ಬಿಡೋ ಹಾಗಿರ್ಲಿಲ್ಲ."

"ಏನೋ ಗುಸುಗುಸು?" ಅಜ್ಜ ಗದರಿದ. "ಹೋದ್ಸಲ ತಪ್ಪು ಹೆಸರು ಹೇಳ್ದೆ. ಈ ಸಲ ತಪ್ಪು ಹೆಸರು ಬರೆಸ್ಕೊಂಡು ಬಂದೆ. ಕತ್ತೆ!" ಚಾಕುವನ್ನು ಹಿಡಿಯ ಕಡೆಯಿಂದ ಅವನ ಮುಂದೆ ಚಾಚಿದ. "ತಗೋ, ಕೆರೆದು ತೆಗಿ. ಅದು ಪೂರ್ತಿ ಹೋಗೋವರೆಗೂ ನಿಂಗೆ ಊಟ ಇಲ್ಲ."

ಸ್ತ್ರಾತಿಸ್ ಕಾರಿನ ಮುಂದೆ ಮಂಡಿಯೂರಿ ಕೆರೆಯತೊಡಗಿದ. ಮಗುವಿಗೆ ತಾಳ್ಮೆಯಿಲ್ಲ, ಕೂತಲ್ಲೇ ಕುಣಿಯಿತು.

"ಲೋ ತಕ್ಸಿಯಾರ್ಕಿಸ್, ಅಲ್ಲಾಡ್ಬೇಡ್ವೋ!" ಅಜ್ಜ ಬೀದಿಗೆ ಕೇಳುವಂತೆ ಕೂಗಿದ. "ಮಾಮನ ಕೈ ಕುಯ್ಕೊಂಡೀತು!"

ತಮ್ಮ ಹೋದ ಮೇಲೆ ಆ ಹೆಸರನ್ನು ಯಾರೂ ಹಾಗೆ ಗದರಿ ಕರೆದದ್ದನ್ನು ಸ್ತ್ರಾತಿಸ್ ಕೇಳಿರಲಿಲ್ಲ. ಚಾಕು ಕೆಳಗಿಟ್ಟು, ಆ ಪುಟ್ಟ ಕಾರಿಗೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತ.