ಮೂರು ಸಾಕ್ಷಿಗಳ ಕೋಣೆ

ಮಗಳು ಗೋಡೆಗೆ ಆ ಪೆಟ್ಟಿಗೆ ಜಡಿಸಿದ ದಿನದಿಂದ ದರ್ಜಿಯಮ್ಮನಿಗೆ ತನ್ನ ಕೋಣೆಯಲ್ಲೇ ಉಸಿರು ಕಟ್ಟತೊಡಗಿತು. ಪೆಟ್ಟಿಗೆಯೊಂದೇ ಆಗಿದ್ದರೆ ಹೇಗೋ ಸಹಿಸುತ್ತಿದ್ದಳು. ನೆಲಹಾಸಿನ ಅಡಿಯಲ್ಲಿ ಅದುರಿಕೆ ಹಿಡಿಯುವ ಪಟ್ಟಿ, ಸೊಂಟದಲ್ಲಿ ಕುಲುಕಾಟ ಅಳೆಯುವ ಬೆಲ್ಟು, ಮನುಷ್ಯರು ನಿಂತಿದ್ದಾರೋ ಮಲಗಿದ್ದಾರೋ ಎಂದು ಗೋಡೆಯಿಂದ ಕಣ್ಣಿಡುವ ಈ ಪೆಟ್ಟಿಗೆ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳ ಫೋನು ಕಿರುಚುತ್ತಿತ್ತು: ಅಮ್ಮ ಬಿದ್ದಳು.

ಒಂದೇ ತಿಂಗಳಲ್ಲಿ ಎರಡು ಸಲ ಕಿರುಚಿತ್ತು. ದರ್ಜಿಯಮ್ಮ ಬಿದ್ದಿರಲೇ ಇಲ್ಲ. ನಲವತ್ತು ವರ್ಷದಿಂದ ಅವಳು ಬಟ್ಟೆ ಕತ್ತರಿಸುವುದು ನೆಲದ ಮೇಲೆ. ಮೊಣಕಾಲು ಮೆಲ್ಲಗೆ ಮಡಚಲು ಒಪ್ಪುವುದಿಲ್ಲ, ಹಾಗಾಗಿ ದೊಪ್ಪನೆ ಕೂರುತ್ತಾಳೆ. ಉದ್ದ ಗೆರೆ ಎಳೆಯಬೇಕಾದರೆ ಬಟ್ಟೆಯ ಪಕ್ಕದಲ್ಲೇ ಮೈಚಾಚಿ ಮಲಗುತ್ತಾಳೆ. ಇದನ್ನು ಆ ಯಂತ್ರಗಳಿಗೆ ತಿಳಿಸಿ ಹೇಳುವವರು ಯಾರು? ಮಗಳಿಗೆ ಹೇಳಿದ್ದಕ್ಕೆ, "ಬಿದ್ದೋರೆಲ್ಲ ಹೀಗೇ ಹೇಳೋದು. ಇನ್ನೊಂದ್ಸಲ ಆದ್ರೆ ಕೋಣೆಗೆ ಬೀಗ" ಎಂದುಬಿಟ್ಟಳು.

ಬೀಗ ಬಿದ್ದರೆ ಹಾಲು ಕುಡಿದಷ್ಟು ಸಂತೋಷಪಡುವವಳು ಮನೆಯಲ್ಲೇ ಇದ್ದಳು, ನಾದಿನಿ. ಮೇಲ್ಮಹಡಿಯ ಆ ಎರಡು ಕಿಟಕಿಯ ಕೋಣೆ ಒಂದು ಕಾಲಕ್ಕೆ ಅವಳದು. ಅತ್ತಿಗೆ ಮನೆಗೆ ಬಂದ ವರ್ಷವೇ ಹೊಲಿಗೆ ಯಂತ್ರ ಒಳಬಂತು, ತನ್ನ ಮಂಚ ಹೊರಬಿತ್ತು ಎಂಬ ಕಿಚ್ಚು ಇನ್ನೂ ಆರಿರಲಿಲ್ಲ.

ದರ್ಜಿಯಮ್ಮನೇನು ಕಡಿಮೆಯವಳಲ್ಲ. ಕತ್ತರಿ ಹಿಡಿಯುವ ಮುಂಚೆ ಬೆಲ್ಟು ಬಿಚ್ಚಿ ಮೇಜಿನ ಮೇಲಿಡತೊಡಗಿದಳು. ಒಂದು ಸಾಕ್ಷಿ ಬಾಯಿ ಮುಚ್ಚಿದರೆ ಮಿಕ್ಕ ಎರಡರ ಮಾತಿಗೆ ಬೆಲೆಯಿಲ್ಲ.

ಅದನ್ನು ಹಿಡಿದುಹಾಕಲೆಂದೇ ಒಂದು ಮಧ್ಯಾಹ್ನ ನಾದಿನಿ ಬೆಕ್ಕಿನ ಹೆಜ್ಜೆ ಇಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಸಿಕ್ಕಿಬಿದ್ದೆ ನೋಡು! ಬೆಲ್ಟೆಲ್ಲಿ? ಬರ್ಲಿ ನಿನ್ನ ಮಗಳು!" ಎಂದು ಒಳನುಗ್ಗಿದವಳ ಕಾಲಿಗೆ ನೆಲದಲ್ಲಿ ಹರಡಿದ್ದ ನುಣುಪು ಅಸ್ತರಿನ ಬಟ್ಟೆ ಸಿಕ್ಕಿತು. ಧಡಕ್ಕನೆ ಬಿದ್ದಳು. ತೊಡೆಯ ಮೂಳೆ ಮುರಿದ ಸದ್ದು ದರ್ಜಿಯಮ್ಮನಿಗೂ ಕೇಳಿಸಿತು.

ಪಟ್ಟಿ ಅದುರಿತು, ಪೆಟ್ಟಿಗೆ ನೋಡಿತು. ಬೆಲ್ಟು ಮೇಜಿನ ಮೇಲೆ ತೆಪ್ಪಗಿತ್ತು. ಇಬ್ಬರ ಫೋನುಗಳೂ ಕೆಳಗೆ ಚಾರ್ಜಿಗಿದ್ದವು. ಮಗಳ ಹೆಗಲಿಲ್ಲದೆ ದರ್ಜಿಯಮ್ಮ ಮೆಟ್ಟಿಲಿಳಿಯುವ ಹಾಗಿರಲಿಲ್ಲ. ಕಿಟಕಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು. ಪಕ್ಕದ ಮರದ ಮಿಲ್ಲಿನ ಗರಗಸದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

"ಬೇಕಂತಲೇ ಹಾಸಿದ್ದೀಯ," ಎಂದಳು ನಾದಿನಿ ಹಲ್ಲುಕಚ್ಚಿ.

"ಹೌದು, ನಿನಗೆ ರತ್ನಗಂಬಳಿ ಹಾಸ್ಬೇಕಿತ್ತು, ಮರೆತೆ."

ಆದರೆ ನಾದಿನಿಯ ಮುಖ ಬಿಳಿಚಿಕೊಳ್ಳುತ್ತಿತ್ತು, ನಾಲಿಗೆ ತೊದಲತೊಡಗಿತ್ತು. ಮಗಳು ಬರುವುದು ಸಂಜೆಗೆ. ಅಷ್ಟರಲ್ಲಿ ಇವಳ ಕಥೆ ಮುಗಿದಿರುತ್ತದೆ. ಮುಗಿಯಲಿ ಎಂದು ದರ್ಜಿಯಮ್ಮನಿಗೆ ಅನ್ನಿಸಿತು. ಸುಳ್ಳೇಕೆ, ಚೆನ್ನಾಗಿಯೇ ಅನ್ನಿಸಿತು. ಕೋಣೆಯೂ ಉಳಿಯುತ್ತದೆ, ಕಾಟವೂ ತಪ್ಪುತ್ತದೆ.

"ಅತ್ತಿಗೇ, ತಡೆಯೋಕಾಗ್ತಿಲ್ಲ," ಎಂದಳು ನಾದಿನಿ. ಅವಳ ಬಾಯಲ್ಲಿ ಆ ಕರೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಹಾಳಾಗಿ ಹೋಗು," ಎನ್ನುತ್ತಲೇ ದರ್ಜಿಯಮ್ಮ ಬೆಲ್ಟನ್ನು ಸೊಂಟಕ್ಕೆ ಬಿಗಿದಳು. ಸುಮ್ಮನೆ ಕೂತು ಮಲಗಿದರೆ ಸಾಲದೇನೋ ಎಂಬ ಅನುಮಾನದಲ್ಲಿ ನಿಂತ ನಿಲುವಿನಿಂದಲೇ ನೆಲಕ್ಕೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಏಳದೆ ಹಾಗೇ ಮಲಗಿದ್ದಳು.

ಕಾಲು ಗಂಟೆಯೊಳಗೆ ಮಗಳು ಸ್ಟ್ರೆಚರಿನವರಿಬ್ಬರನ್ನು ಕರೆದುಕೊಂಡು ಓಡಿಬಂದಳು. ಅವರು ನಾದಿನಿಯನ್ನು ಎತ್ತಿ ಮಲಗಿಸಿದರು, ಮಗಳು ಸೂಜಿಮದ್ದು ಕೊಟ್ಟಳು.

"ಏನಾಯ್ತು?"

ದರ್ಜಿಯಮ್ಮ ಬಾಯಿ ತೆರೆಯುವ ಮೊದಲೇ ನಾದಿನಿ ಸ್ಟ್ರೆಚರಿನಿಂದ ತಲೆಯೆತ್ತಿದಳು. "ನಿಮ್ಮಮ್ಮ ಬಿದ್ದಳು. ಎತ್ತೋಣ ಅಂತ ಓಡಿಬಂದೆ, ನಾನೂ ಬಿದ್ದೆ."

"ಸುಳ್ಳು! ಮೊದಲು ಬಿದ್ದಿದ್ದು ಅವಳು! ನಾನು ಬೇಕಂತ..."

ಮಗಳು ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದಳು. ಬೆಲ್ಟು, ಪಟ್ಟಿ, ಪೆಟ್ಟಿಗೆ, ಮೂರೂ ಒಪ್ಪಿದ್ದವು. "ಬೇಕಂತ ಬೀಳ್ತಾರಾ ಯಾರಾದ್ರೂ?" ಎಂದಳು. ನೆಲದಲ್ಲಿದ್ದ ಕತ್ತರಿಯನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅಮ್ಮನಿಗೆ ಹೆಗಲು ಕೊಟ್ಟು ಬಾಗಿಲವರೆಗೆ ನಡೆಸಿಕೊಂಡು ಬಂದು ನಿಂತಳು.

"ಅಮ್ಮಾ, ಇದರ ಬೀಗ ಎಲ್ಲಿಟ್ಟಿದ್ದೀಯ?"