ಎರಡು ಕ್ಲಿಕ್ ಬಲಕ್ಕೆ

ತಪ್ಪೊಪ್ಪಿಕೊಳ್ಳುವ ಪೈಕಿ ನಾನಲ್ಲ. ಬೇಕಿದ್ದರೆ ನನ್ನ ಅಣ್ಣನನ್ನು ಕೇಳಿ, ಒಂದು ಪುಸ್ತಕವಾಗುವಷ್ಟು ಹೇಳುತ್ತಾನೆ. ಅವನ ಮಗಳಿಗೆ ಹನ್ನೊಂದು ವರ್ಷದಿಂದ ಬಿಲ್ಲುಗಾರಿಕೆ ಕಲಿಸುತ್ತಿರುವವಳು ನಾನು. ಅವಳಿಗೆ ಮೊಂಡಿ ಎಂದು ಹೆಸರಿಟ್ಟವಳೂ ನಾನೇ.

ನಲವತ್ತು ದೇಶಗಳು ಸೇರಿದ್ದ ಆ ಕ್ರೀಡಾಕೂಟದಲ್ಲಿ ಮೊಂಡಿ ಕಂಚಿನ ಪದಕದ ಪಂದ್ಯಕ್ಕೆ ಬಂದು ನಿಂತಿದ್ದಳು. ಎದುರಾಳಿ ಎತ್ತರದ ಹುಡುಗಿ, ಗುಂಡು ಹಾರಿದರೂ ರೆಪ್ಪೆ ಬಡಿಯದವಳು. ಎಪ್ಪತ್ತು ಮೀಟರ್ ದೂರದಲ್ಲಿ ಅಕ್ಕಪಕ್ಕ ಎರಡು ಗುರಿಹಲಗೆ, ಒಬ್ಬೊಬ್ಬರಿಗೆ ಒಂದು. ಸರದಿಯಂತೆ ಒಂದೊಂದೇ ಬಾಣ, ಒಂದಕ್ಕೆ ಇಪ್ಪತ್ತು ಸೆಕೆಂಡು. ನಾಲ್ಕು ಸುತ್ತು ಮುಗಿದಾಗ ಇಬ್ಬರೂ ಸಮಸಮ. ಕೊನೆಯ ಸುತ್ತಿನ ಮೂರು ಬಾಣಗಳಲ್ಲಿ ಇಬ್ಬರದೂ ಎರಡೆರಡು ಆಗಿದ್ದವು. ಎಲ್ಲವೂ ಒಂಬತ್ತು ಅಂಕ; ನಟ್ಟನಡುವೆ ಬಿದ್ದರೆ ಹತ್ತು.

ಮೊಂಡಿಯ ರೋಗ ನನಗೆ ಗೊತ್ತು. ಹೆದರಿದರೆ ಬಿಲ್ಲು ಹಿಡಿದ ಕೈ ಬಿಗಿಯುತ್ತದೆ, ಬಿಗಿದ ಕೈಯಿಂದ ಹತ್ತು ಬೀಳುವುದಿಲ್ಲ. ಬೆರಳ ಗೆಣ್ಣುಗಳು ಆಗಲೇ ಬಿಳಿಚಿಕೊಂಡಿದ್ದವು. ನಾನು ದುರ್ಬೀನಿಗೆ ಕಣ್ಣಿಟ್ಟೆ. ಸ್ವಲ್ಪ ಮೊದಲು ಕ್ಯಾಮೆರಾದವನೊಬ್ಬ ಅದರ ಸ್ಟ್ಯಾಂಡಿಗೆ ಕಾಲು ತಾಗಿಸಿದ್ದ. ಅವನಿಗೆ ಮಂಗಳಾರತಿ ಮಾಡುತ್ತಲೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ್ದೆ.

"ಎರಡೂ ಬಲಕ್ಕೆ ಬಿದ್ದಿವೆ ಕಣೇ. ಸೈಟು ಎರಡು ಕ್ಲಿಕ್ ಬಲಕ್ಕೆ ತಿರುಗ್ಸು," ಎಂದೆ. ಬಾಣ ಎತ್ತ ಬಿದ್ದಿದೆಯೋ ಗುರಿ ನೋಡುವ ಸೈಟನ್ನೂ ಅತ್ತಲೇ ಸರಿಸಬೇಕು, ಆಗ ಮುಂದಿನದು ನಡುವಿಗೆ ಬರುತ್ತದೆ.

"ಹೂಂ ಅತ್ತೆ," ಎಂದು ಅವಳು ಸೈಟಿನ ತಿರುಪಿನ ಮೇಲೆ ಕೈಯಿಟ್ಟಳು.

ಎದುರಾಳಿ ಮೂರನೆಯ ಬಾಣ ಬಿಟ್ಟಳು. ಮತ್ತೆ ಒಂಬತ್ತು. ಈಗ ಮೊಂಡಿ ಹತ್ತು ಹೊಡೆದರೆ ಕಂಚು ನಮ್ಮದು. ಎಂಟಾದರೆ ಗಂಟುಮೂಟೆ ಕಟ್ಟುವುದೇ.

ನಾನು ಮತ್ತೆ ದುರ್ಬೀನಿನಲ್ಲಿ ನೋಡಿದೆ. ಹಲಗೆಯಲ್ಲಿ ಮೂರು ಬಾಣಗಳಿದ್ದವು. ಮೊಂಡಿ ಮೂರನೆಯದನ್ನು ಇನ್ನೂ ಬಿಟ್ಟೇ ಇರಲಿಲ್ಲ.

ಕ್ಯಾಮೆರಾದವನ ಮೇಲಿನ ಸಿಟ್ಟಿನ ಭರದಲ್ಲಿ ದುರ್ಬೀನನ್ನು ಎದುರಾಳಿಯ ಹಲಗೆಯತ್ತ ತಿರುಗಿಸಿಟ್ಟಿದ್ದೆ. ಸರಕ್ಕನೆ ಪಕ್ಕಕ್ಕೆ ಹೊರಳಿಸಿ ನೋಡಿದರೆ, ಮೊಂಡಿಯ ಬಾಣ ಒಂದು ಎಡಕ್ಕೆ, ಇನ್ನೊಂದು ಕೆಳಕ್ಕೆ. ಸೈಟಿನಲ್ಲಿ ಯಾವ ದೋಷವೂ ಇರಲಿಲ್ಲ, ಎಲ್ಲಾ ಬಿಗಿದ ಕೈಯದೇ ಕೆಲಸ. ನನ್ನ ಮಾತು ಕೇಳಿ ತಿರುಗಿಸಿದ್ದರೆ ಮುಂದಿನ ಬಾಣ ಇನ್ನಷ್ಟು ಎಡಕ್ಕೆ ಹೋಗುತ್ತದೆ.

ಗಡಿಯಾರದಲ್ಲಿ ಹದಿನಾಲ್ಕು ಉಳಿದಿತ್ತು. ಅವಳು ಬಿಲ್ಲೆತ್ತಿ ಎಳೆಯುತ್ತಿದ್ದಳು. ಈಗ ಬಾಯಿ ಬಿಟ್ಟರೆ ಅವಳ ಗಮನ ಕೆಡುತ್ತದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಪಾಪ ಹುಡುಗಿ ಹೆದರಿದಳು ಎಂದುಕೊಳ್ಳುತ್ತಾರೆ. ಆ ಯೋಚನೆಯೂ ನನಗೆ ಬಂತು, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹನ್ನೊಂದು. ಹತ್ತು.

"ಮೊಂಡಿ," ಎಂದೆ. "ತಪ್ಪಾಯ್ತು ಕಣೇ. ಅವಳ ಹಲಗೆ ನೋಡಿ ಹೇಳ್ಬಿಟ್ಟೆ. ತಪ್ಪು ನಂದು."

ಅವಳು ಬಿಲ್ಲು ಇಳಿಸಲಿಲ್ಲ. ಭುಜ ಒಮ್ಮೆ ಅಲುಗಿತು. ಆರು. ಐದು. ನಾನು ಕಣ್ಣು ಮುಚ್ಚಿಕೊಂಡೆ. ಹೆದೆಯ ಸದ್ದು ಕೇಳಿತು, ಆಮೇಲೆ ಜನರ ಕೂಗು. ಕಣ್ಣು ತೆರೆದಾಗ ಫಲಕದಲ್ಲಿ ಹತ್ತು ಇತ್ತು.

"ತಿರುಗ್ಸಿದ ಸೈಟಲ್ಲಿ ಹತ್ತು ಹೇಗೆ ಬಿತ್ತೇ?" ಎಂದೆ.

ಅವಳು ನೆಲ ನೋಡಿದಳು. "ತಿರುಗ್ಸಿರ್ಲಿಲ್ಲ ಅತ್ತೆ. ಎರಡು ವರ್ಷದಿಂದ ನೀವು ಹೇಳ್ದಾಗೆಲ್ಲ ಸುಮ್ನೆ ಕೈ ಇಡ್ತೀನಿ ಅಷ್ಟೆ. ಇಲ್ದಿದ್ರೆ ನೀವು ಬಿಡಲ್ವಲ್ಲ."

ಪಿತ್ತ ನೆತ್ತಿಗೇರಿತು. ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ದಾಳೆ. "ಹಾಗಾದ್ರೆ ನಾನು ಬಾಯಿ ಮುಚ್ಕೊಂಡಿದ್ರೂ ಹತ್ತೇ ಬೀಳ್ತಿತ್ತು ಅನ್ನು."

"ಎಲ್ಲಿ ಬೀಳ್ತಿತ್ತು, ಕೈ ಕಲ್ಲಾಗ್ಹೋಗಿತ್ತು. ನೀವು ತಪ್ಪಾಯ್ತು ಅಂದ್ರಲ್ಲ, ಹುಟ್ಟಿದಾಗಿಂದ ಕೇಳಿರ್ಲಿಲ್ಲ. ನಗು ಬಂದ್ಬಿಡ್ತು. ಕೈ ಸಡ್ಲ ಆಯ್ತು."

ಬೈಯಲು ಬಾಯಿ ತೆರೆದೆ, ಅಳು ಬಂತು. ಅವಳ ಬೆವೆತ ಕೈಯನ್ನು ಹಿಡಿದುಕೊಂಡೆ. ನಿಜವಾಗಿಯೂ ಸಡಿಲವಾಗಿ, ಹತ್ತಿಯಷ್ಟು ಮೆತ್ತಗಿತ್ತು.

"ನಿಮ್ಮಪ್ಪಂಗೆ ಮಾತ್ರ ಇದನ್ನ ಹೇಳ್ಬೇಡ," ಎಂದೆ.

"ಹೂಂ ಅತ್ತೆ," ಎಂದಳು, ತಿರುಪಿನ ಮೇಲೆ ಕೈಯಿಟ್ಟಾಗ ಅಂದಿದ್ದಳಲ್ಲ, ಹಾಗೆಯೇ.